ಹಿನ್ನೀರಿನ ಎರಡು ದೋಣಿಗಳು

ಲಕ್ವ ಹೊಡೆದ ಮೇಲೆ ಅಪ್ಪ ಹೊಸಿಲು ದಾಟಿದ್ದೆಂದರೆ ಆಸ್ಪತ್ರೆಗೆ ಮಾತ್ರ. ಭದ್ರಾವತಿಯ ಜನ್ನಾಪುರದಲ್ಲಿ ನನ್ನ ತಮ್ಮನ ಮನೆಯಲ್ಲಿದ್ದರು. ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ದುಡಿದ ಕಾಲದಲ್ಲಿ ರಜೆ ಸಿಕ್ಕಿದರೆ ಹೊಳೆಗಿಳಿದು ಈಜುತ್ತಿದ್ದವರು. ಈಗ ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ, ಮಾತೂ ತೊದಲುತ್ತಿತ್ತು. ನಾನು ಶಿವಮೊಗ್ಗದ ಆಲ್ಕೊಳದಿಂದ ನೋಡಲು ಹೋಗಿದ್ದಾಗ, ಒಮ್ಮೆ ನೀರಿನ ಮೇಲೆ ಕೂರಬೇಕು ಎಂದರು. ಮುಂದಿನ ಭಾನುವಾರ ತಮ್ಮ, ಅವನ ಹೆಂಡತಿ, ನಾನು ಸೇರಿ ಅವರನ್ನು ಕಾರಿನಲ್ಲಿ ಭದ್ರಾ ಹಿನ್ನೀರಿಗೆ ಕರೆದುಕೊಂಡು ಹೋದೆವು. ಅವರಿಗೆ ಹಿಡಿಸಿದರೆ ಆಗಾಗ ಬರುವುದೆಂದು ಮಾತಾಗಿತ್ತು.

ದಡದಲ್ಲಿ ಬಾಡಿಗೆಗೆ ಎರಡು ಚಪ್ಪಟೆ ದೋಣಿಗಳಿದ್ದವು. ಒಂದು ಉದ್ದನೆಯ ಎರಡು ಲೋಹದ ಕೊಳವೆಗಳ ಮೇಲೆ ತೇಲುತ್ತಿತ್ತು. ಮೇಲೆ ಚಾವಣಿ, ಮೆತ್ತನೆಯ ಸೀಟು, ಸುತ್ತಲೂ ಎದೆಮಟ್ಟದ ಕಟಕಟೆ. ಆದರೆ ಹತ್ತಲು ಕಡಿದಾದ ಮೆಟ್ಟಿಲು. ಗಾಲಿಕುರ್ಚಿಯನ್ನು ದಡದಲ್ಲೇ ಬಿಟ್ಟು ಅಪ್ಪನನ್ನು ಎತ್ತಿಕೊಂಡು ಹೋಗಬೇಕು. ಇನ್ನೊಂದು ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ಹಲಗೆ ಹಾಸಿದ್ದು, ಬಹಳ ತಗ್ಗು. ಕುರ್ಚಿಯನ್ನು ನೇರವಾಗಿ ಉರುಳಿಸಿಕೊಂಡು ಹೋಗಬಹುದು. ಅಂಚಿಗೆ ಮಾತ್ರ ಒಂದೇ ಒಂದು ಕಬ್ಬಿಣದ ಪೈಪು.

ಚಾವಣಿಯದೇ ಆಗಲಿ ಎಂದ ತಮ್ಮ. ನಾನು ತಗ್ಗಿನದು ಎಂದೆ. ಬಚ್ಚಲಿಗೆ ಎತ್ತಿಕೊಂಡು ಹೋಗುವಾಗಲೇ ಅಪ್ಪ ಮುಖವನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು, ದಡದಲ್ಲಿ ಇಷ್ಟು ಜನರ ಎದುರಿಗೆ ಬೇಡ ಎಂಬುದು ನನ್ನ ವಾದ.

"ನೀನು ಯಾವಾಗ್ಲೋ ಬಂದು ಹೋಗ್ತೀಯ ಅಕ್ಕ," ಎಂದ ತಮ್ಮ. "ದಿನಾ ನೋಡ್ಕೊಳೋನು ನಾನು. ಏನಾದ್ರೂ ಆದ್ರೆ ಯಾರು ಹೊಣೆ?"

ಅವನ ಹೆಂಡತಿ ಮಾವನನ್ನೇ ಕೇಳಿ ಎಂದಳು. ಅಲ್ಲಿಯವರೆಗೆ ನಾವಿಬ್ಬರೂ ಕೇಳಿರಲಿಲ್ಲ.

"ಎತ್... ಬೇಡ್ರೋ," ಎಂದರು ಅಪ್ಪ.

ಅಪ್ಪನಿಗೆ ತಮ್ಮನೇ ಲೈಫ್ ಜಾಕೆಟ್ ತೊಡಿಸಿ, ಕುರ್ಚಿಯನ್ನು ಡ್ರಮ್ಮಿನ ದೋಣಿಯ ಮೇಲೆ ತಳ್ಳಿ, ಬ್ರೇಕ್ ಹಾಕಿದ. ನನ್ನ ಮುಖವನ್ನು ಮಾತ್ರ ನೋಡಲಿಲ್ಲ.

ದಡ ಹಿಂದೆ ಸರಿಯಿತು. ಅಪ್ಪ ಎಡಗೈಯನ್ನು ಪೈಪಿನ ಮೇಲಿಟ್ಟು ನೀರನ್ನೇ ನೋಡುತ್ತಿದ್ದರು. ಅರ್ಧ ದಾರಿಯಲ್ಲಿ ಗಾಳಿ ಎದ್ದಿತು. ಅದೇ ಹೊತ್ತಿಗೆ ಯಾರದೋ ಸ್ಪೀಡ್ ಬೋಟ್ ಪಕ್ಕದಲ್ಲೇ ಹಾದುಹೋಗಿ, ಅದರ ಅಲೆ ನಮ್ಮ ಹಲಗೆಗಳ ಮೇಲೆ ಹರಿಯಿತು. ದೋಣಿ ಒಂದು ಮಗ್ಗುಲಿಗೆ ವಾಲಿತು. ಬ್ರೇಕ್ ಹಾಕಿದ್ದರೂ ಕುರ್ಚಿ ಒದ್ದೆ ಹಲಗೆಯ ಮೇಲೆ ಜಾರತೊಡಗಿತು. ನಾನು ಅದರ ಹಿಡಿಕೆಯನ್ನು ಹಿಡಿದೆ, ಕಾಲು ನಿಲ್ಲಲಿಲ್ಲ. ತಮ್ಮ ಮಂಡಿಯೂರಿ ಬಿದ್ದು, ಚಕ್ರಕ್ಕೂ ಪೈಪಿಗೂ ನಡುವೆ ತನ್ನ ಮೈಯನ್ನೇ ಅಡ್ಡ ಕೊಟ್ಟ. ಕುರ್ಚಿ ಅವನ ಪಕ್ಕೆಗೆ ಬಡಿದು ನಿಂತಿತು. ದೋಣಿಯವನು ಎಲ್ಲರೂ ಕೂತ್ಕೊಳ್ಳಿ ಎಂದು ಗದರಿಸುತ್ತಾ ದೋಣಿಯನ್ನು ಅಲೆಗೆ ಎದುರಾಗಿ ತಿರುಗಿಸಿದ. ದಡ ಸೇರುವವರೆಗೂ ತಮ್ಮ ಆ ಜಾಗ ಬಿಟ್ಟು ಏಳಲಿಲ್ಲ. ಅಪ್ಪ ಎಡಗೈಯಿಂದ ಅವನ ಅಂಗಿಯ ಕಾಲರ್ ಹಿಡಿದುಕೊಂಡೇ ಇದ್ದರು.

ಇಳಿದ ಮೇಲೆ ಅವನು ಕೆಸರಿನಲ್ಲೇ ಕುಳಿತುಬಿಟ್ಟ. ಬಯ್ಯುತ್ತಾನೆಂದು ಕಾದೆ, ಬಯ್ಯಲಿಲ್ಲ. ಅವನ ಹೆಂಡತಿ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಮೊದಲು ಅವನಿಗೇ ಕೊಟ್ಟಳು. ಇನ್ನು ಈ ಕಡೆ ಬರುವುದೇ ಇಲ್ಲ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು.

ಅಪ್ಪ ಚಾವಣಿಯ ದೋಣಿಯ ಕಡೆ ಕೈ ತೋರಿಸಿದರು. "ಇನ್ನೊಂದ್ಸಲ... ಅದ್ರಲ್ಲಿ."

"ಅದಕ್ಕೆ ಎತ್ಬೇಕಾಗತ್ತಪ್ಪ," ಎಂದ ತಮ್ಮ.

ಅಪ್ಪ ಎಡಗೈಯನ್ನು ಅವನ ಕಡೆ ಚಾಚಿದರು. "ನೀನ್ ಎತ್ಕೊ," ಎಂದರು.

ಆಮೇಲೆ ಗಾಳಿಯಿಲ್ಲದ ಬೆಳಗ್ಗೆ ನೋಡಿಕೊಂಡು ಕೆಲವು ಸಲ ಹೋಗಿದ್ದೇವೆ, ಚಾವಣಿಯ ದೋಣಿಯಲ್ಲೇ. ಅಪ್ಪನನ್ನು ತಮ್ಮ ಎತ್ತಿಕೊಂಡು ಮೆಟ್ಟಿಲು ಹತ್ತುವಾಗ ನಾನು ಹಿಂದೆ ನಿಂತು ಅವರ ಬಲಗಾಲನ್ನು ಹಿಡಿದಿರುತ್ತೇನೆ. ಸೀಟಿನ ಮೇಲೆ ಕೂರಿಸುವವರೆಗೆ ಅಪ್ಪ ಎಡಗೈಯಿಂದ ಅವನ ಕಾಲರ್ ಹಿಡಿದುಕೊಂಡಿರುತ್ತಾರೆ.