ಕೆರೆ ಏರಿಯ ಮೇಲೆ ಕೂಗಿದ ಹನ್ನೆರಡು ಪದಗಳು

ಗುರುತಿಲ್ಲದ ಅಜ್ಜಿಯೊಬ್ಬರು ಕೈ ಎತ್ತಿದ್ದರು. ಕೈಯಲ್ಲಿ ಒಂದು ಸ್ಟೀಲ್ ಡಬ್ಬ. ಎದುರಿಗೆ ಮಲ್ಲಿಪಟ್ಟಣದ ಕಡೆಯ ಒಂದು ಕೆರೆ, ಕೋಡಿ ಬೀಳುವಷ್ಟು ತುಂಬಿತ್ತು. ಏರಿಯ ಕೆಳಗಿನಿಂದ ಓಡಿ ಬರುತ್ತಿದ್ದ ನನಗೆ ಕಂಡದ್ದು ಇಷ್ಟೇ. ಆದರೆ ಇವತ್ತಿಗೂ ಯಾರಾದರೂ ಅಡುಗೆಮನೆಯಲ್ಲಿ ಪಾತ್ರೆಯನ್ನು ತಲೆಯ ಮಟ್ಟಕ್ಕೆ ಎತ್ತಿದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಕೆಲವು ಸಲ ಮನಸ್ಸಿನಲ್ಲಿ ಡಬ್ಬ ಆ ಕೈ ಬಿಟ್ಟು ಹಾರಿಯೇ ಬಿಡುತ್ತದೆ. ನೀರು ಗುಳುಂ ಎನ್ನುತ್ತದೆ. ಬೆವರು ಒರೆಸಿಕೊಂಡು, ಅದು ಹಾಗಾಗಲಿಲ್ಲ ಎಂದು ನೆನಪು ಮಾಡಿಕೊಂಡು, ಒಬ್ಬಳೇ ನಗುತ್ತೇನೆ.

ಆ ಡಬ್ಬದ ತಳದಲ್ಲಿ ನನ್ನ ಅಕ್ಕನ ಅಂಗಡಿ ಇತ್ತು.

ಅಕ್ಕನನ್ನು ಕೊಟ್ಟಿರುವುದು ಹೊಳೆನರಸೀಪುರಕ್ಕೆ. ರವಿಕೆಗೆ ಆರಿ ಕಸೂತಿ ಹಾಕುವುದರಲ್ಲಿ ಅವಳ ಕೈ ಎತ್ತಿದ ಕೈ. ಮೊದಲು ಊರಿನವರಿಗೆ ಹಾಕಿಕೊಡುತ್ತಿದ್ದಳು. ಆಮೇಲೆ ಅದೇ ಬಳ್ಳಿ, ಅದೇ ನವಿಲುಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಹೊರದೇಶದವರಿಗೆ ಮಾರತೊಡಗಿದಳು. ಕೊಳ್ಳುವವರಲ್ಲಿ ಕೆಲವರು ಕ್ರಿಪ್ಟೊದಲ್ಲಿ, ಅಂದರೆ ಬ್ಯಾಂಕಿಲ್ಲದೆ ಇಂಟರ್ನೆಟ್ಟಿನಲ್ಲೇ ಓಡಾಡುವ ನಾಣ್ಯದಲ್ಲಿ, ಹಣ ಕಳುಹಿಸುತ್ತಿದ್ದರು. ಅದನ್ನು ಅಕ್ಕ ಮುಟ್ಟಲಿಲ್ಲ. ಸ್ವಂತದ್ದೊಂದು ಅಂಗಡಿ, ಹಿಂದೆ ಹೆಣ್ಣುಮಕ್ಕಳಿಗೆ ಕಸೂತಿ ಕಲಿಸಲು ಒಂದು ಉದ್ದನೆಯ ಕೋಣೆ. ಅದಕ್ಕೆಂದೇ ಆ ಹಣ ಬೆಳೆಯುತ್ತಿತ್ತು.

ಆ ಹಣ ಇಡಲು ಫೋನಿನಲ್ಲಿ ಕ್ರಿಪ್ಟೊ ವ್ಯಾಲೆಟ್ ಎಂಬ ಥೈಲಿ ಶುರು ಮಾಡುವಾಗ ಅದು ಹನ್ನೆರಡು ಇಂಗ್ಲಿಷ್ ಪದಗಳನ್ನು ಕೊಡುತ್ತದೆ. ಸಾಮಾನ್ಯ ಪದಗಳೇ, ಆದರೆ ಒಂದಕ್ಕೊಂದು ಸಂಬಂಧವಿಲ್ಲ. ಫೋನ್ ಹಾಳಾದರೆ ಬೇರೆ ಫೋನಿನಲ್ಲಿ ಅವನ್ನು ಅದೇ ಕ್ರಮದಲ್ಲಿ ಹಾಕಿದರೆ ಹಣವೆಲ್ಲ ಮತ್ತೆ ಕಾಣುತ್ತದೆ. ಬೇರೆ ಯಾರಾದರೂ ಹಾಕಿದರೆ ಅವರಿಗೂ ಕಾಣುತ್ತದೆ, ತೆಗೆದುಕೊಳ್ಳಲೂ ಆಗುತ್ತದೆ. ಪದಗಳೇ ಕಳೆದುಹೋದರೆ ಯಾವ ಮ್ಯಾನೇಜರ್ ಮುಂದೆಯೂ ಕೂತು ಅಳುವಂತಿಲ್ಲ, ಏಕೆಂದರೆ ಅಲ್ಲಿ ಮ್ಯಾನೇಜರೇ ಇಲ್ಲ.

ಕಾಗದದಲ್ಲಿ ಬರೆದಿಡಲು ಅಕ್ಕನಿಗೆ ಧೈರ್ಯವಿರಲಿಲ್ಲ. ಅವಳ ಹತ್ತನೇ ತರಗತಿಯ ಅಂಕಪಟ್ಟಿಯನ್ನು ಗೆದ್ದಲು ತಿಂದಿತ್ತು. ಫೋನಿನಲ್ಲಿ ಫೋಟೊ ತೆಗೆದಿಡುವುದಂತೂ ಬೇಡ, ಕಳ್ಳರು ಮೊದಲು ಹುಡುಕುವುದೇ ಅಲ್ಲಿ ಎಂದು ನಾನು ಎಲ್ಲೋ ಓದಿದ್ದೆ. ಬೆಂಕಿಗೆ, ನೀರಿಗೆ, ಗೆದ್ದಲಿಗೆ ಬಗ್ಗದ್ದು ಸ್ಟೀಲ್. ಸ್ಟೀಲಿನ ಮೇಲೆ ಬರೆಯುವುದು ನಮ್ಮ ಕಡೆ ಹೊಸ ವಿದ್ಯೆಯೇನೂ ಅಲ್ಲ. ಚನ್ನರಾಯಪಟ್ಟಣದ ಪಾತ್ರೆ ಅಂಗಡಿಗೆ ಹೋದೆವು. ಮುಚ್ಚಳವಿರುವ, ಅಗಲ ತಳದ ಡಬ್ಬವೊಂದನ್ನು ಅಕ್ಕ ಆರಿಸಿದಳು.

ಅಂಗಡಿಯವರು ಹೆಸರು ಕೊರೆಯುವ ಮಿಷನ್ ಕೈಗೆತ್ತಿಕೊಂಡರು. "ಯಾರ ಎಸ್ರು ಆಕ್ಲವ್ವಾ?"

"ನೀವ್ ಬರೀಬ್ಯಾಡಿ ಅಣ್ಣಾ. ಮಿಷನ್ ಕೊಡಿ, ನಾನೇ ಬರ್ಕತೀನಿ."

"ಕೈ ತೂತ್ ಮಾಡ್ಕಂಡೀರಿ ಕಣವ್ವಾ!"

"ದಿನಾ ಸೂಜಿ ಇಡಿಯೋ ಕೈ ಅಣ್ಣಾ ಇದು."

ಅಕ್ಕ ಮೂಲೆಯಲ್ಲಿ ಕೂತು ಡಬ್ಬದ ಒಳಗೆ, ತಳದಲ್ಲಿ, ನಂಬರ್ ಹಾಕಿ ಹನ್ನೆರಡು ಪದಗಳನ್ನು ಕೊರೆದಳು. ನಾನು ವೇಲ್ ಹರಡಿಕೊಂಡು ಅಡ್ಡ ನಿಂತೆ. ಮಿಷನ್ ಜೇನುಹುಳದಂತೆ ಗುಂಯ್‌ಗುಟ್ಟುತ್ತಲೇ ಇತ್ತು.

"ಏನವ್ವಾ, ವಂಶಾನೇ ಬರೀತಾ ಇದ್ದೀರಾ?" ಎಂದು ಅಂಗಡಿಯವರು ಕೇಳಿದರು.

"ಬೀಗ್ರನ್ನೂ ಸೇರಿಸ್ತಾ ಇವ್ನಿ ಅಣ್ಣಾ" ಎಂದಳು ಅಕ್ಕ.

ಡಬ್ಬದ ಹೊರಗೆ ಅಕ್ಕ ಏನನ್ನೂ ಬರೆಯಲಿಲ್ಲ. ಯಾರ ಕಣ್ಣಿಗೂ ಬೀಳಬಾರದೆಂದು ಹಾಗೆ ಮಾಡಿದಳು. ಆದರೆ ನಮ್ಮ ಕಡೆ ಹೆಸರಿಲ್ಲದ ಪಾತ್ರೆ ಇರುವುದೇ ಇಲ್ಲ. ಲೋಟದ ಮೇಲೂ ಯಜಮಾನನ ಇನಿಷಿಯಲ್ ಇರುತ್ತದೆ. ಹೆಸರಿಲ್ಲದ್ದು ಕಣ್ಣಿಗೆ ಹೊಡೆಯುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಡಬ್ಬದ ತುಂಬ ಹುರುಳಿಕಾಳು ಸುರಿದು ಅಡುಗೆಮನೆಯ ಮೇಲಿನ ಹಲಗೆಗೆ ಏರಿಸಿದಳು. ಅದು ಎಲ್ಲಿದೆ ಎಂಬುದು ನನಗೆ ಗೊತ್ತಿತ್ತು, ಪದಗಳು ಯಾವುವೆಂದು ಗೊತ್ತಿರಲಿಲ್ಲ. ಅದೇ ಸರಿ ಎಂದು ಇಬ್ಬರೂ ಒಪ್ಪಿದ್ದೆವು.

ಮಾಗಿಯಲ್ಲಿ ಒಂದು ದಿನ ಅಕ್ಕ ಹತ್ತಿ ಸೀರೆಗಳಿಗೆ ಗಂಜಿ ಹಾಕುತ್ತಿದ್ದಳು. ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡಿದ್ದ ಫೋನ್ ಜಾರಿ ಗಂಜಿಯ ಬಕೆಟ್ಟಿಗೆ ಬಿತ್ತು. ಅದನ್ನು ಹಿಡಿದುಕೊಂಡು ನಾನಿರುವ ಹಾಸನಕ್ಕೆ ಬಂದಳು. ರಿಪೇರಿಯವನು ಹಿಂಬದಿ ಬಿಚ್ಚಿ ನೋಡಿದ.

"ನೀರಾಗಿದ್ರೆ ಒಣಗುಸ್ಬೋದಿತ್ತು ಮೇಡಂ. ಇದು ಒಳ್ಗೆಲ್ಲಾ ಗರಿಗರಿ ಆಗ್ಬುಟ್ಟೈತೆ. ಇಸ್ತ್ರಿ ಒಂದ್ ಬಾಕಿ."

ಅಕ್ಕ ಜೋರಾಗಿ ನಕ್ಕಳು. "ಓದ್ರೆ ಓಗ್ಲಿ ಬಿಡೇ. ನಮ್ ಡಬ್ಬ ಐತಲ್ಲ." ಮೊದಲು ಡಬ್ಬ ತರೋಣ, ಆಮೇಲೆ ಹೊಸ ಫೋನ್ ಕೊಂಡು ಎಲ್ಲವನ್ನೂ ವಾಪಸು ಪಡೆಯೋಣ ಎಂದು ಇಬ್ಬರೂ ನನ್ನ ಸ್ಕೂಟರಿನಲ್ಲಿ ಹೊಳೆನರಸೀಪುರಕ್ಕೆ ಹೊರಟೆವು. ದಾರಿಯಲ್ಲಿ ಅಂಗಡಿಗೆ ಯಾವ ಬಣ್ಣ ಬಳಿಸುವುದೆಂದು ಜಗಳವಾಡಿದೆವು. ಅವಳಿಗೆ ತಿಳಿ ಹಸಿರು, ನನಗೆ ಹಳದಿ.

ಹಲಗೆಯ ಮೇಲೆ ಡಬ್ಬ ಇರಲಿಲ್ಲ.

ಅಕ್ಕನ ಅತ್ತೆ ಹಿತ್ತಲ ಬಿಸಿಲಿನಲ್ಲಿ ಕೂತು ಸೊಪ್ಪು ಸೋಸುತ್ತಿದ್ದರು. "ಆ ಉಳ್ಳಿಕಾಳ್ ಡಬ್ಬಾನಾ? ಕಾಳ್ನ ಮೊಳ್ಕೆಗ್ ಆಕ್ದೆ. ಡಬ್ಬದ್ ತುಂಬಾ ನಿಪ್ಪಟ್ಟು ಮಾಡಿ ಅಳ್ಳಿಮೈಸೂರ್ಗೆ ಕಳ್ಸಿವ್ನಿ. ನಿನ್ ನಾದಿನಿ ನಿಪ್ಪಟ್ಟು ನಿಪ್ಪಟ್ಟು ಅಂತಿದ್ಲಲ್ಲ."

"ಅತ್ತೆ, ಒಳಗೆ ತಳದಲ್ಲಿ ಏನೋ ಬರ್ದಿತ್ತಲ್ಲ, ನೋಡ್ಲಿಲ್ವಾ?"

"ನೋಡ್ದೆ ಕಣವ್ವಾ. ಗೀಚ್ ಬಿದ್ದಿರೋ ಮಾಲು ಕೊಟ್ಟವ್ನೆ ಅಂಗ್ಡಿಯವ್ನು, ನೀನೂ ತಂದ್ಬುಟ್ಟಿದ್ದೀಯ ಅನ್ಕಂಡೆ. ಮರ್ಯಾದೆಗೆ ಬೈಲಿಲ್ಲ."

ಅಕ್ಕ ನಗಲು ಹೋದಳು. ಆಗಲಿಲ್ಲ. ಮತ್ತೆ ಸ್ಕೂಟರ್ ಹತ್ತಿದೆವು.

ಹಳ್ಳಿಮೈಸೂರಿನಲ್ಲಿ ನಾದಿನಿ ನಮ್ಮನ್ನು ಬಾಗಿಲಲ್ಲೇ ಹಿಡಿದು ಕೂರಿಸಿ ತಟ್ಟೆ ಇಟ್ಟಳು. ಅಕ್ಕಿರೊಟ್ಟಿ, ಹಿಚುಕಿದ ಅವರೆಕಾಳಿನ ಸಾರು. ಮನೆಯೆಲ್ಲ ಅವರೆಯ ಸೊಗಡು. ಡಬ್ಬದ ಮಾತೆತ್ತಿದರೆ ಅವಳಿಗೆ ನಾಚಿಕೆಯಾಯಿತು.

"ಅತ್ಗೆ, ಬರೀ ಡಬ್ಬ ಎಂಗ್ ವಾಪಸ್ ಕೊಡದು? ಏನಾರ ತುಂಬಿ ಕಳ್ಸಾನ ಅಂತ ಇಟ್ಕಂಡಿದ್ದೆ. ಅಷ್ಟ್ರಲ್ಲಿ ನಮ್ ಓರ್ಗಿತ್ತಿ ತೌರಿಗ್ ಓಯ್ತಿದ್ಲು. ಅವರೇಕಾಳು ತುಂಬ್ಕಂಡ್ ಓಗಿ, ಡಬ್ಬ ಅಲ್ಲೇ ಬುಟ್ ಬಂದವ್ಳೆ."

"ತವರು ಎಲ್ಲಿ?" ಎಂದು ನಾನು ಕೇಳಿದೆ.

"ಮಲ್ಲಿಪಟ್ಟಣದತ್ರ. ಅವ್ರೂ ಅಷ್ಟೇ, ಬರೀ ಡಬ್ಬ ಕಳ್ಸಲ್ಲ. ಇದ್ದೇ ಇರ್ತದೆ, ಉಣ್ಣಿ."

ಅಕ್ಕ ರೊಟ್ಟಿ ಮುರಿದಳು, ಬಾಯಿಗೆ ಇಡಲಿಲ್ಲ. ನಾನು ಎರಡು ತಿಂದೆ. ಭಯವಾದಾಗ ನನಗೆ ಹಸಿವು ಹೆಚ್ಚು. ಮಲ್ಲಿಪಟ್ಟಣದ ಮನೆಗೆ ನಾದಿನಿ ಫೋನ್ ಮಾಡಿಸಿದಳು. ಯಾರೂ ಎತ್ತಲಿಲ್ಲ. ಹೊಲದ ಕಡೆ ಹೋಗಿರುತ್ತಾರೆ ಎಂದಳು.

ಅರಕಲಗೂಡು ದಾಟಿದ ಮೇಲೆ ಅಕ್ಕ ಹಿಂದಿನಿಂದ ನನ್ನ ಭುಜದ ಮೇಲೆ ಗಲ್ಲವಿಟ್ಟು, "ಮೊದಲ ಐದು ಪದ ಜ್ಞಾಪಕ ಅವೆ ಕಣೇ. ಆಮೇಲಿನವು ಬತ್ತಾ ಇಲ್ಲ" ಎಂದಳು. ರಸ್ತೆಯ ಎರಡೂ ಬದಿ ರಾಗಿ ಕೊಯ್ದ ಹೊಲಗಳು, ಬಿಸಿಲು ಜೇನಿನಂತೆ ಸುರಿಯುತ್ತಿತ್ತು. ಅಂಥ ಚೆಂದದ ದಿನದಲ್ಲಿ ಕೆಟ್ಟದ್ದೇನೂ ಆಗಲಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಓರಗಿತ್ತಿಯ ತವರುಮನೆಯಲ್ಲಿ ಸಿಕ್ಕಿದ್ದು ಅಲ್ಲಿನ ಅಜ್ಜಿಯ ಮೊಮ್ಮಗನ ಹೆಂಡತಿ ಒಬ್ಬಳೇ. ಪಿಯುಸಿವರೆಗೆ ಓದಿದ ಚುರುಕು ಹುಡುಗಿ. ಡಬ್ಬ ಎಂದ ಕೂಡಲೇ ಅವಳ ಕಣ್ಣು ಅಗಲವಾದವು.

"ಅಯ್ಯೋ, ಅದು ನಿಮ್ದಾ? ಬೆಳಿಗ್ಗೆ ತೊಳೆಯಕ್ಕೆ ತಗಂಡೆ. ಒಳ್ಗೆ ಬರ್ದಿದ್ನ ಅಜ್ಜಿ ಓದ್ಸುದ್ರು. ಓದಿ ಅರ್ಥ ಏಳ್ದೆ. ಆಮೆ, ಮಾವ, ಕುಂಬ್ಳಕಾಯಿ, ಕೊಡೆ, ಆನೆ... ನಂಬರ್ ಬೇರೆ. ಒರ್ಗಡೆ ಯಾರ ಎಸ್ರೂ ಇಲ್ಲ. ನಮ್ ಅಸಾ ಬೇರೆ ಎರಡ್ ದಿನದಿಂದ ಆಲು ಕೊಡ್ತಿಲ್ಲ. ಯಾರೋ ಮಾಟ ಮಾಡ್ಸಿ ಕಳ್ಸವ್ರೆ ಅಂತ ಅಜ್ಜಿ ಡಬ್ಬಕ್ಕೆ ಅರಿಶ್ಣ ಬಳ್ದು ಕೆರೆಗ್ ಆಕಕ್ಕೆ ಓದ್ರು."

"ಯಾವಾಗ?"

"ಈಗ್ ತಾನೇ."

ಮೂವರೂ ಓಡಿದೆವು. ಅಕ್ಕನ ಚಪ್ಪಲಿ ಒಂದು ಗದ್ದೆಯ ಬದುವಿನಲ್ಲೇ ಉಳಿಯಿತು. ಏರಿಯ ಮೇಲೆ ಅಜ್ಜಿ ಕೆರೆಗೆ ಮುಖ ಮಾಡಿ, ಬಾಯಲ್ಲಿ ಏನೋ ಹೇಳಿಕೊಳ್ಳುತ್ತ, ಕೈ ಎತ್ತಿದ್ದರು. ಡಬ್ಬ ಬಿಸಿಲಿಗೆ ಫಳಫಳ ಹೊಳೆಯಿತು.

ಅಕ್ಕ ಕಿರುಚಿದಳು. "ಅಜ್ಜೀ! ಅದು ನಂದು!"

ಅಜ್ಜಿ ತಿರುಗಿದರು. ಕೈ ಇಳಿಸಲಿಲ್ಲ. "ಯಾರೇ ನೀನು? ನೀನೇನಾ ಮಾಡ್ಸಿರೋಳು?"

"ಮಾಟ ಅಲ್ಲ ಅಜ್ಜಿ. ನನ್ ದುಡ್ಡಿನ ಬೀಗದ್ ಕೈ ಅದು. ಅಂಗ್ಡಿ ಇಡಕ್ಕೆ ಅಂತ ನಾನ್ ದುಡ್ದಿದ್ದೆಲ್ಲಾ ಅದ್ರಲ್ಲೈತೆ!"

ಅಜ್ಜಿ ಡಬ್ಬ ಅಲುಗಾಡಿಸಿ ಒಳಗೆ ಇಣುಕಿದರು. "ಬೀಗನೂ ಇಲ್ಲ, ಕೈಯೂ ಇಲ್ಲ. ಯಾರಿಗ್ ಏಳ್ತೀಯೆ? ನಿಂದೇ ಆದ್ರೆ ಒಳ್ಗೇನ್ ಬರ್ದೈತೆ ಏಳು ನೋಡಾನ."

ಯಾರ ಮುಂದೆಯೂ ಎಂದಿಗೂ ಬಾಯಿ ಬಿಟ್ಟು ಹೇಳಬಾರದ ಪದಗಳು. ನನಗೇ ಹೇಳದ ಪದಗಳು. ಕೆಳಗಿನ ಸೋಪಾನದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಿದ್ದರು, ಎತ್ತಿಗೆ ಮೈ ತೊಳೆಯುತ್ತಿದ್ದವರೂ ಇತ್ತ ತಿರುಗಿದ್ದರು. ಅಕ್ಕ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈ ಸೊಂಟಕ್ಕಿಟ್ಟು, ಶಾಲೆಯಲ್ಲಿ ಮಗ್ಗಿ ಒಪ್ಪಿಸುವಂತೆ ಕೂಗಿದಳು.

"ಒಂದು, ಟಾರ್ಟಾಯ್ಸ್! ಎರಡು, ಅಂಕಲ್! ಮೂರು, ಪಂಪ್ಕಿನ್! ನಾಕು, ಅಂಬ್ರೆಲಾ! ಐದು, ಎಲಿಫೆಂಟ್!"

ಅಲ್ಲಿಗೆ ನಿಂತಳು. ಅಜ್ಜಿ ಡಬ್ಬವನ್ನು ಹುಡುಗಿಯ ಮೂಗಿನ ಹತ್ತಿರ ಹಿಡಿದರು. "ಸರಿಯಾಗ್ ಏಳುದ್ಲೇನೇ?"

"ಸರಿಯಾಗೈತೆ ಅಜ್ಜಿ. ಅಂಕಲ್ ಎರಡ್ನೇ ನಂಬರ್‌ನಲ್ಲೇ ಅವ್ರೆ. ಇನ್ನೂ ಏಳು ಅವೆ."

ಉಳಿದ ಏಳನ್ನೂ ಆ ಹುಡುಗಿ ಉತ್ಸಾಹದಿಂದ ಗಟ್ಟಿಯಾಗಿ ಓದಿ ಮುಗಿಸಿದಳು. ಅಜ್ಜಿ ಡಬ್ಬವನ್ನು ಅಕ್ಕನ ಕೈಗಿಟ್ಟರು. ನಾನು ಏರಿಯ ಮೇಲೇ ಕೂತುಬಿಟ್ಟೆ.

"ಗುಟ್ಟಿನ್ ಮಾತ್ನ ಡಬ್ಬದೊಳ್ಗೆ ಬರ್ದು ಊರೂರು ಸುತ್ತುಸ್ತೀಯಲ್ಲೇ" ಎಂದರು ಅಜ್ಜಿ. ಅಕ್ಕ ಡಬ್ಬವನ್ನು ಕೂಸಿನಂತೆ ಎದೆಗೆ ಅವುಚಿಕೊಂಡಳು. ರವಿಕೆಯೆಲ್ಲ ಅರಿಶಿನ.

ಆದರೆ ಕೆಲಸ ಮುಗಿದಿರಲಿಲ್ಲ. ಆ ಏರಿಯ ಮೇಲೆ ಕಳ್ಳರಿದ್ದರು ಎಂದಲ್ಲ. ಆದರೂ ಊರ ಕಿವಿಗೆ ಬಿದ್ದ ಪದಗಳ ಹಿಂದೆ ಹಣ ಇಡುವಂತಿಲ್ಲ. ಹೊಸ ವ್ಯಾಲೆಟ್ ಮಾಡಿ, ಹೊಸ ಪದಗಳನ್ನು ಪಡೆದು, ಎಲ್ಲವನ್ನೂ ಅಲ್ಲಿಗೆ ಸಾಗಿಸಬೇಕು, ಅದೂ ಈಗಲೇ. ಹೊಸ ಫೋನ್ ಇನ್ನೂ ಕೊಂಡಿರಲಿಲ್ಲ. ನನ್ನದನ್ನೇ ಕೊಟ್ಟೆ. ಮನೆಯ ಹಿಂದಿನ ಹುಲ್ಲಿನ ಮೆದೆಯ ಪಕ್ಕ ಮಾತ್ರ ಸಿಗ್ನಲ್ ಸಿಗುತ್ತದೆ ಎಂದಳು ಹುಡುಗಿ.

ಮೆದೆಗೆ ಒರಗಿ ಕೂತು ಅಕ್ಕ ಹಳೆಯ ಪದಗಳನ್ನು ಒಂದೊಂದಾಗಿ ಹಾಕಿದಳು. ತಪ್ಪು ಎಂದಿತು ಫೋನ್. ಹನ್ನೊಂದನೆಯ ಪದದ ಕೊನೆಯ ಅಕ್ಷರಕ್ಕೆ ನಿಪ್ಪಟ್ಟಿನ ಎಣ್ಣೆಯೂ ಅರಿಶಿನವೂ ಸೇರಿ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದಾಗ ಅಕ್ಷರ ಬೇರೆಯೇ ಕಂಡಿತು. ಮತ್ತೆ ಹಾಕಿದಳು. ಹಣ ಕಂಡಿತು.

ಆಮೇಲೆ ಹೊಸ ವ್ಯಾಲೆಟ್. ನಾನು, ಹುಡುಗಿ, ಅಜ್ಜಿ ಮೂವರೂ ಬೆನ್ನು ತಿರುಗಿಸಿ ನಿಂತೆವು. ಅಕ್ಕ ಹೊಸ ಪದಗಳನ್ನು ಪೆನ್ಸಿಲ್ಲಿನಲ್ಲಿ ಬರೆದು, ಬರೆದದ್ದನ್ನು ಮತ್ತೊಮ್ಮೆ ಫೋನಿಗೆ ಹಾಕಿ ಪರೀಕ್ಷಿಸಿ, ಚೀಟಿಯನ್ನು ರವಿಕೆಯೊಳಗೆ ಇಟ್ಟುಕೊಂಡಳು. ಅದು ತಾತ್ಕಾಲಿಕ. ಆ ವಾರವೇ ಅವು ಎರಡು ಸ್ಟೀಲ್ ತಗಡುಗಳ ಮೇಲೆ ಏರಿ ಎರಡು ಬೇರೆ ಊರುಗಳಲ್ಲಿ ಕೂತವು, ಚೀಟಿ ಒಲೆಗೆ ಹೋಯಿತು, ನನ್ನ ಫೋನಿನಲ್ಲಿದ್ದುದನ್ನೂ ಅಕ್ಕ ಅಳಿಸಿದಳು. ಆ ತಗಡುಗಳಲ್ಲಿ ನಿಪ್ಪಟ್ಟು ತುಂಬಲು ಬರುವುದಿಲ್ಲ ಎಂಬುದೊಂದೇ ನನಗೆ ಬೇಕಾದ ಭದ್ರತೆ.

ಹಣ ಕಳುಹಿಸುವ ಗುಂಡಿಯನ್ನು ಅಕ್ಕ ಕಣ್ಣುಮುಚ್ಚಿ ಒತ್ತಿದಳು. ಹಳೆಯ ಕಡೆ ಸೊನ್ನೆಯಾಯಿತು. ಹೊಸ ಕಡೆಯೂ ಸೊನ್ನೆಯೇ. ಕಾಯಬೇಕಿತ್ತು. ಅಜ್ಜಿ ಪಕ್ಕದಲ್ಲಿ ಕಾಲು ಚಾಚಿ ಕೂತು ಎಲೆಅಡಿಕೆ ಹಾಕಿಕೊಂಡರು.

"ಬಂತಾ?"

"ಇನ್ನೂ ಇಲ್ಲ ಅಜ್ಜಿ."

"ಎಲ್ಲೈತೆ ಈಗ?"

"ದಾರೀಲೈತೆ."

"ಬಸ್ಸಲ್ ಬತ್ತಾ ಐತಾ? ಅರಕಲಗೂಡಲ್ಲಿ ಇಳ್ದು ಕಾಪಿಗೀಪಿ ಕುಡೀತಾ ಕುಂತಿರ್ತದೆ ಬುಡು."

ಹುಡುಗಿ ಕಿಸಕ್ಕೆಂದಳು. ಅಕ್ಕ ನಗಲಿಲ್ಲ. ಹೊಸ ವ್ಯಾಲೆಟ್ಟಿನ ವಿಳಾಸ ತಪ್ಪಾಗಿದ್ದರೆ ಹಣ ಹೋದಂತೆಯೇ ಎಂದು ನನಗೂ ಅನ್ನಿಸಿತು. ಕೊಟ್ಟಿಗೆಯಲ್ಲಿ ಹಾಲು ಕೊಡದ ಆ ಹಸು ನಮ್ಮನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು.

ಫೋನ್ ಸಣ್ಣಗೆ ನಡುಗಿತು.

ಅಕ್ಕ ನೋಡಿದಳು. ಪರದೆಯನ್ನು ಸೆರಗಿನಿಂದ ಒರೆಸಿ ಇನ್ನೊಮ್ಮೆ ನೋಡಿದಳು. ನನಗೆ ತೋರಿಸಿದಳು. ಪೂರ್ತಿ ಬಂದಿತ್ತು. ಅವಳು ಎದ್ದು, ಅಜ್ಜಿಯನ್ನು ಎಬ್ಬಿಸಿ, ಎರಡೂ ಕೈ ಹಿಡಿದು ಮೆದೆಯ ಮುಂದೆ ಗಿರಗಿರನೆ ತಿರುಗಿಸಿದಳು. ಅಜ್ಜಿಯ ಸೀರೆಯ ನೆರಿಗೆ ಹುಲ್ಲನ್ನೆಲ್ಲ ಗುಡಿಸಿತು.

"ಬುಡೇ! ಸೊಂಟ ಮುರ್ದೋಯ್ತದೆ ಬುಡೇ!" ಎಂದು ಅಜ್ಜಿ ಬಯ್ಯುತ್ತಿದ್ದರು. ಆದರೆ ಕೈ ಬಿಡಿಸಿಕೊಳ್ಳಲಿಲ್ಲ. ಉಸಿರು ತಿರುಗಿದ ಮೇಲೆ ಕೇಳಿದರು, "ಏನ್ ಅಂಗ್ಡಿಯೇ ಅದು, ಇಷ್ಟೊಂದ್ ಕುಣಿಯಕ್ಕೆ?"

"ರವಿಕೆ ಅಂಗ್ಡಿ ಅಜ್ಜಿ. ಮೊದಲ್ನೇ ರವಿಕೆ ನಿಮ್ಗೆ. ಯಾವ್ ಬಣ್ಣ ಬೇಕು?"

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆಯನ್ನು ಒಂದು ಕಡೆಗೆ ಸರಿಸಿ, ಬಹಳ ಹೊತ್ತು ಯೋಚಿಸಿದರು.