ಕಾನ್ನೊನ್ ದೇವರ ಕೀಲಿ ಹಿಡಿದ ಫುಸಾಯೆ

ಹಿರಾದೆಯಲ್ಲಿ ದೇವರಿದೆ, ಅರ್ಚಕರಿಲ್ಲ. ಬಿವಾ ಸರೋವರದ ಉತ್ತರಕ್ಕೆ, ಗದ್ದೆಗಳ ನಡುವೆ ನಲವತ್ತೆರಡು ಮನೆಗಳ ಊರು ಅದು. ಗುಡಿಯ ಬಾಗಿಲಿಗೆ ಒಂದು ಫೋನ್ ನಂಬರ್ ಅಂಟಿಸಿದ್ದರು. ದೂರದಿಂದ ಬಂದವರು ಆ ನಂಬರಿಗೆ ಕರೆ ಮಾಡಿದರೆ ಫುಸಾಯೆಯ ಅಡುಗೆಮನೆಯಲ್ಲಿ ಗಂಟೆ ಬಾರಿಸುತ್ತಿತ್ತು. ಅವಳು ಒಲೆ ಆರಿಸಿ, ಸೊಂಟದಲ್ಲಿ ಸಿಕ್ಕಿಸಿದ ಕೀಲಿಗಳನ್ನು ಮುಟ್ಟಿ ನೋಡಿಕೊಂಡು ಸೈಕಲ್ ಹತ್ತುತ್ತಿದ್ದಳು. ಕೀಲಿ ಕಾಯುವ ಕೆಲಸ ಸರದಿಯ ಮೇಲೆ ಮನೆಯಿಂದ ಮನೆಗೆ ಹೋಗಬೇಕಾದದ್ದು. ಆದರೆ ಮುದುಕರಿಗೆ ಸೈಕಲ್ ಆಗದು, ಎಳೆಯರಿಗೆ ಪುರಸೊತ್ತಿಲ್ಲ ಎಂಬ ನೆಪದಲ್ಲಿ ಹದಿನಾರು ವರ್ಷದಿಂದ ಅದು ಅವಳ ಸೊಂಟದಲ್ಲೇ ಉಳಿದಿತ್ತು. ಊರಿನವರು ಹೀಗೇ. ಯಾರು ಬೇಡವೆನ್ನುವುದಿಲ್ಲವೋ ಅವರ ತಲೆಗೆ ಕಟ್ಟಿ, ಆಮೇಲೆ ಹೊಗಳುತ್ತ ಕೂರುತ್ತಾರೆ.

ಕೀಲಿ ಎರಡು. ದೊಡ್ಡದು ಗುಡಿಯ ಬಾಗಿಲಿನದು. ಚಿಕ್ಕದು, ಒಳಗೆ ಕಾನ್ನೊನ್ ದೇವರು ನಿಂತಿರುವ ಮರದ ಮಂಟಪದ್ದು. ಕಾನ್ನೊನ್ ಎಂದರೆ ಕರುಣೆಯ ದೇವರು, ಅಳುವವರ ದನಿಗೆ ಕಿವಿಗೊಡುವ ದೇವರು. ಅಷ್ಟು ಕರುಣೆಯಿದ್ದೂ ಹಿರಾದೆಯ ಕಾನ್ನೊನ್ ಮುಖ ತೋರಿಸುವುದು ಮೂವತ್ತಮೂರು ವರ್ಷಕ್ಕೊಮ್ಮೆ, ಮೇ ತಿಂಗಳ ಮೂರು ದಿನ ಮಾತ್ರ. ಮಿಕ್ಕ ದಿನ ಬಂದವರು ಮುಚ್ಚಿದ ಕದದ ಮುಂದೆ ಕೈ ಮುಗಿದು ಹೋಗಬೇಕು. ಕೆಲವರು ಮುಖ ಸಿಂಡರಿಸುತ್ತಿದ್ದರು, ಕೆಲವರು ಇಷ್ಟು ದೂರ ಬಂದಿದ್ದೇವೆ ಎಂದು ಗೋಗರೆಯುತ್ತಿದ್ದರು. ಫುಸಾಯೆ ಯಾರಿಗೂ ಸೊಪ್ಪು ಹಾಕಿದವಳಲ್ಲ.

"ದೇವರು ಒಳಗಿದಾರೆ, ನೀವು ಹೊರಗಿದೀರಿ. ಮಾತಾಡೋಕೆ ಒಂದು ಮರದ ಕದ ಏನು ಅಡ್ಡಿ?" ಎನ್ನುತ್ತಿದ್ದಳು.

ಹಿಂದಿನ ಸಲ ಕದ ತೆರೆದಾಗ ಅವಳಿಗೆ ಮೂವತ್ತೆಂಟು, ಗಂಡ ತೊಕುಜಿಗೆ ನಲವತ್ತೊಂದು. ಹೆಂಗಸರೆಲ್ಲ ಮೊದಲ ದಿನವೇ ನೋಡಿ ಬಂದರು. ತೊಕುಜಿಯನ್ನು ಚಪ್ಪಲಿ ಕಾಯಲು ಹಾಕಿದ್ದರು. ಬಂದವರು ಮೆಟ್ಟಿಲ ಬಳಿ ಬಿಟ್ಟ ಶೂ, ಚಪ್ಪಲಿಗಳ ಮೂತಿಯನ್ನು ಹೊರಕ್ಕೆ ತಿರುಗಿಸಿ ಸಾಲಾಗಿ ಇಡಬೇಕು, ಹೊರಟವರು ಸಲೀಸಾಗಿ ಕಾಲು ತೂರಿಸಿ ಹೋಗುವಂತೆ. ಕೊನೆಯ ಸಂಜೆ ನೋಡಿದರಾಯಿತು ಎಂದುಕೊಂಡಿದ್ದ ಅವನು. ಕೊನೆಯ ಸಂಜೆ ಒಸಾಕಾದಿಂದ ಎರಡು ಬಸ್ಸು ಜನ ಬಂದಿಳಿದರು. ಅಷ್ಟೂ ಜನರ ಶೂ ಜೋಡಿಸಿ ತಲೆ ಎತ್ತುವಷ್ಟರಲ್ಲಿ ಹೊತ್ತಾಯಿತೆಂದು ಕದ ಮುಚ್ಚಿಯಾಗಿತ್ತು.

"ಹೋಗ್ಲಿ ಬಿಡೇ, ಇನ್ನು ಮೂವತ್ತಮೂರೇ ವರ್ಷ ತಾನೇ," ಎಂದು ಮನೆಗೆ ಬಂದು ನಕ್ಕಿದ್ದ.

ಆಮೇಲೆ ವರ್ಷಕ್ಕೆ ಹತ್ತು ಸಲವಾದರೂ ಕೇಳುತ್ತಿದ್ದ, "ಏ ಫುಸಾ, ಮುಖ ಹೇಗಿತ್ತೇ?"

"ನಿಮ್ಮಮ್ಮ ಮಧ್ಯಾಹ್ನ ನಿದ್ದೆಯಿಂದ ಎದ್ದಾಗ ಇರ್ತಿದ್ರಲ್ಲ, ಹಾಗೆ. ಎಡಗೆನ್ನೆ ಮೇಲೆ ಹೆಬ್ಬೆರಳಷ್ಟು ಸುಟ್ಟ ಕಲೆ."

ಹಿಂದೆ ಯಾವುದೋ ಯುದ್ಧದಲ್ಲಿ ಗುಡಿಗೆ ಬೆಂಕಿ ಬಿದ್ದಾಗ ಊರವರು ದೇವರನ್ನು ಹೊತ್ತು ತಂದು ಗದ್ದೆಯಲ್ಲಿ ಹೂತಿಟ್ಟು ಉಳಿಸಿಕೊಂಡಿದ್ದರಂತೆ. ಆ ಕಲೆ ಆ ಬೆಂಕಿಯದು. ಅದರ ವಿಷಯವನ್ನು ಹಿರಾದೆಯವರು ಹೊರಗೆ ಬಾಯಿ ಬಿಡುವುದಿಲ್ಲ. ಯಾವ ಪುಸ್ತಕದಲ್ಲೂ ಅದಿಲ್ಲ.

ಎಪ್ಪತ್ತಮೂರನೆಯ ವಯಸ್ಸಿಗೆ ತೊಕುಜಿಯ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿತು. ಹೊಸ ವರ್ಷ ಕಾಣುವುದು ಅನುಮಾನ ಎಂದರು ವೈದ್ಯರು. ಕದ ತೆರೆಯುವುದು ಹೊಸ ವರ್ಷದ ಮೇ ತಿಂಗಳಲ್ಲಿ. ಅಕ್ಟೋಬರಿನಲ್ಲಿ ಕೆಲವು ದಿನ ಮನೆಗೆ ಕಳಿಸಿದ್ದಾಗ, ಗಂಜಿ ಕುಡಿಸುತ್ತಿದ್ದ ಹೆಂಡತಿಯ ಸೊಂಟವನ್ನೇ ನೋಡುತ್ತ ಅವನೆಂದ, "ಕೀಲಿ ಅಲ್ಲೇ ಇದೆ ಕಣೇ. ಕದ ನಾಲ್ಕು ಬೆರಳಷ್ಟು ತೆಗೆದ್ರೆ ಸಾಕು. ಸಂದಿಯಲ್ಲಿ ನೋಡ್ತೀನಿ. ಯಾರಿಗೂ ಗೊತ್ತಾಗಲ್ಲ."

ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಹೋಗುವಷ್ಟು ಹಗುರಾಗಿದ್ದ ಅವನು. ಆದರೆ ಅವಳು ಕಳ್ಳತನದಲ್ಲಿ ಮಾಡುವವಳಲ್ಲ. ಗುಡಿಯ ಹಿರಿಯ ಯಾಸುಕೆಯ ಮನೆಗೆ ಹೋಗಿ, ಹೊಸಲಲ್ಲಿ ಮಂಡಿಯೂರಿ, ತಲೆ ಬಗ್ಗಿಸಿ ಕೇಳಿದಳು. ಯಾಸುಕೆ ಪರಕೀಯನಲ್ಲ. ತೊಕುಜಿಯೊಂದಿಗೆ ಒಂದೇ ಬೆಂಚಿನಲ್ಲಿ ಕೂತು ಓದಿದವನು, ಒಂದೇ ದೋಣಿಯಲ್ಲಿ ಮೀನಿಗೆ ಹೋದವನು, ಇಂದಿಗೂ ಅವನನ್ನು ಸಲುಗೆಯಿಂದ ತೊಕು-ಯಾನ್ ಎಂದೇ ಕರೆಯುವವನು. ಅವಳ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟ.

"ಆಗಲ್ಲ, ಫುಸಾಯೆ-ಸಾನ್. ಇವತ್ತು ತೊಕು-ಯಾನ್‌ಗೆ ಅಂತ ತೆಗೆದ್ರೆ ನಾಳೆ ಇನ್ನೊಬ್ರು ಬರ್ತಾರೆ, ನಾಡಿದ್ದು ಮತ್ತೊಬ್ರು. ನಾನೂ ನೀವೂ ಇರೋದೇ ಆ ಕದ ಮುಚ್ಚಿಡೋಕೆ. ತೊಕು-ಯಾನ್‌ಗೆ ಅರ್ಥ ಆಗುತ್ತೆ."

ಅವಳು ಮನೆಗೆ ಬಂದು ಆಗುವುದಿಲ್ಲ ಎಂದಳು. ತೊಕುಜಿ "ಸರಿ ಬಿಡು," ಎಂದ, ಅಷ್ಟೆ. ಸಿಟ್ಟು ಮಾಡಿಕೊಂಡಿದ್ದರೆ ಚೆನ್ನಾಗಿತ್ತು. ಆಮೇಲೆ ಮುಖ ಹೇಗಿತ್ತು ಎಂದು ಅವನು ಯಾವತ್ತೂ ಕೇಳಲಿಲ್ಲ.

ನಾಲ್ಕು ದಿನಕ್ಕೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ಮರುದಿನ, ಭಾನುವಾರ ಬೆಳಿಗ್ಗೆ, ಯಾಸುಕೆ ತಾನಾಗಿ ಮನೆ ಬಾಗಿಲಿಗೆ ಬಂದ.

"ಇವತ್ತು ಇಡೀ ದಿನ ತೊಕು-ಯಾನ್ ಪಕ್ಕದಲ್ಲೇ ಇರಿ. ಕೀಲಿ ಎರಡೂ ನನ್ನ ಹತ್ರ ಇರ್ಲಿ. ಯಾರಾದ್ರೂ ಬಂದ್ರೆ ನಾನು ನೋಡ್ಕೋತೀನಿ."

ಹದಿನಾರು ವರ್ಷದಲ್ಲಿ ಮೊದಲ ಸಲ ಕೀಲಿ ಅವಳ ಸೊಂಟ ಬಿಟ್ಟಿತು. ಅವಳ ಕಣ್ಣು ತುಂಬಿ ಬಂತು. ಆಸ್ಪತ್ರೆಯ ನರ್ಸುಗಳಿಗೆಲ್ಲ ಹೇಳಿಕೊಂಡಳು, ಇಂಥ ಸ್ನೇಹಿತರು ಯಾರಿಗಿರ್ತಾರೆ ಎಂದು. ವಾಪಸು ಬಂದವಳು, ತೊಕುಜಿ ತನ್ನ ಕೈಯಾರೆ ಅನ್ನದಲ್ಲಿ ಹುಳಿ ಬರಿಸಿಟ್ಟಿದ್ದ ಸರೋವರದ ಮೀನಿನ ಕೊನೆಯ ಪೀಪಾಯಿ ತೆರೆದು, ಮೊಟ್ಟೆ ತುಂಬಿದ ಒಳ್ಳೆಯ ಮೀನನ್ನೇ ಆರಿಸಿ ಯಾಸುಕೆಯ ಮನೆಗೆ ಕೊಟ್ಟು, ಕೀಲಿ ಇಸಿದುಕೊಂಡು ಬಂದಳು. ಅಷ್ಟು ಹೊತ್ತಿಗೆ ತೊಕುಜಿಗೆ ನೀರೂ ಇಳಿಯುತ್ತಿರಲಿಲ್ಲ. ನವೆಂಬರ್ ಕೊನೆಗೆ ಹೋಗಿಬಿಟ್ಟ.

ಮಾರ್ಚಿನಲ್ಲಿ, ಗದ್ದೆಯ ಬದುಗಳಲ್ಲಿ ಇನ್ನೂ ಹಿಮ ಉಳಿದಿದ್ದ ಒಂದು ಮಧ್ಯಾಹ್ನ, ಫೋನ್ ಗಂಟೆ ಬಾರಿಸಿತು. ಗುಡಿಯ ಮುಂದೆ ಟೋಕಿಯೋದ ಗಂಡ ಹೆಂಡತಿ ನಿಂತಿದ್ದರು. ಗಂಡನ ಹೆಸರು ಕುಸಾಕಾಬೆ. ನಿವೃತ್ತನಾದ ಮೇಲೆ, ಯಾರೂ ಹೆಸರು ಕೇಳದ ಹಳೇ ಊರು, ಗುಡಿಗಳನ್ನು ಹುಡುಕಿಕೊಂಡು ಹೋಗುವ ಸಂಘವೊಂದನ್ನು ಸೇರಿದ್ದನಂತೆ. ಬಲು ಸಭ್ಯ ಮನುಷ್ಯ. ಅಂಥವರೇ ಒಮ್ಮೊಮ್ಮೆ ಗೊತ್ತಿಲ್ಲದೆ ಮನೆ ಹಾಳು ಮಾಡುತ್ತಾರೆ.

ಕದದ ಮುಂದೆ ಕೈ ಮುಗಿದಾದ ಮೇಲೆ ಅವನು ಹಲ್ಲು ಕಿರಿದು, "ಅಮ್ಮಾ, ಒಂದೇ ನಿಮಿಷ ತೆಗೀತೀರಾ? ಇವಳಿಗೊಂದು ಸಲ ತೋರಿಸೋಣ ಅಂತ," ಎಂದ.

"ಮೇ ತಿಂಗಳಲ್ಲಿ ಬನ್ನಿ."

"ಗೊತ್ತು, ಗೊತ್ತು. ಆದ್ರೆ ಹೋದ ಅಕ್ಟೋಬರಿನಲ್ಲಿ ನಮ್ಮ ಸಂಘದವರಿಗೆ ಹಿರಿಯರು ತೆಗೆದು ತೋರಿಸಿದ್ರಲ್ಲ! ಅವತ್ತು ಇವಳಿಗೆ ಜ್ವರ, ಬರೋಕಾಗ್ಲಿಲ್ಲ."

"ನೀವು ಬೇರೆ ಯಾವುದೋ ಗುಡಿ ಅಂದ್ಕೊಂಡಿದೀರಿ."

"ಇಲ್ಲಮ್ಮ, ಆ ಮುಖ ಮರೆಯೋಕಾಗುತ್ತಾ?" ಎಂದು ಅವನು ಹೆಂಡತಿಯ ಕಡೆ ತಿರುಗಿ, ತನ್ನ ಎಡಗೆನ್ನೆಯ ಮೇಲೆ ಹೆಬ್ಬೆರಳಿಟ್ಟು ತೋರಿಸಿದ. "ಇಲ್ಲಿ, ಇಷ್ಟೇ ಇಷ್ಟು, ಸುಟ್ಟ ಕಲೆ."

ಫುಸಾಯೆ ಕಂಬ ಹಿಡಿದುಕೊಂಡು ಯಾವ ದಿನ ಎಂದು ಕೇಳಿದಳು. ಅವನು ಡೈರಿ ತೆಗೆದು ನೋಡಿ ಹೇಳಿದ. ಅದೇ ಭಾನುವಾರ.

ಯಾಸುಕೆ ಮನೆಯ ಹಿಂದೆ ತೊಟ್ಟಿಯಲ್ಲಿ ಮೂಲಂಗಿ ತೊಳೆಯುತ್ತಿದ್ದ. ಅವಳು ಸೈಕಲ್ ಕೂಡ ನಿಲ್ಲಿಸಲಿಲ್ಲ, ಹಾಗೇ ಕೆಡವಿದಳು.

"ನನ್ನನ್ನ ಆಸ್ಪತ್ರೆಗೆ ಕಳಿಸಿ ಕದ ತೆಗೆದ್ರಾ?"

ಅವನು ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಮೆಚ್ಚಬೇಕು. ಕೈ ಒರೆಸಿಕೊಂಡ. "ಹನ್ನೆರಡು ಜನ ಅಷ್ಟೆ. ಕಾಡಿ ಬೇಡಿದ್ರು. ಮೇ ತಿಂಗಳಲ್ಲಿ ನಾಲ್ಕು ಜನ ಬರ್ಬೇಕಲ್ಲ, ಬಾಯಿಂದ ಬಾಯಿಗೆ ಸುದ್ದಿ ಹೋಗ್ಲಿ ಅಂತ..."

"ಅದಕ್ಕೆ ಐದು ದಿನ ಮುಂಚೆ ನಿಮ್ಮ ಹೊಸಲಲ್ಲಿ ತಲೆ ಬಗ್ಗಿಸಿದ್ದೆ."

"ಅವರು ಹೊರಗಿನವರು, ಫುಸಾಯೆ-ಸಾನ್. ನೋಡ್ತಾರೆ, ಹೋಗ್ತಾರೆ, ಮರೀತಾರೆ. ಅವರಿಗೆ ತೋರಿಸಿದ್ದು ತೋರಿಸಿದ ಹಾಗಲ್ಲ. ತೊಕು-ಯಾನ್ ನಮ್ಮೋನು. ನಮ್ಮೋರಿಗೋಸ್ಕರ ನಿಯಮ ಮುರಿದ್ರೆ ಊರಲ್ಲಿ ಏನು ಉಳಿಯುತ್ತೆ ಹೇಳಿ?"

"ನೀವು ಅವತ್ತು ಅತ್ರಿ."

"ಅಳು ನಿಜವಾಗ್ಲೂ ಬಂತು," ಎಂದ ಯಾಸುಕೆ. ಅದೂ ಸುಳ್ಳಲ್ಲ. "ಈಗ ಊರಿನ ಮಾನದ ಪ್ರಶ್ನೆ. ಮೇ ಮುಗಿಯೋ ತನಕ ಬಾಯಿ ಬಿಡ್ಬೇಡಿ, ದಮ್ಮಯ್ಯ."

ಅವಳು ಅವನ ಮುಖವನ್ನೇ ನೋಡಿದಳು. "ಮೀನು ಹೇಗಿತ್ತು?"

"ಯಾವ ಮೀನು?" ಎಂದ ಅವನು.

ಮರುದಿನ ತೊಕುಜಿಯ ಫೋಟೋವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಒಬ್ಬಳೇ ಗುಡಿಗೆ ಹೋದಳು. ಹಾಡಹಗಲು, ಬಾಗಿಲು ಹಾರುಹೊಡೆದು. ಕೇಳುವವರು ಯಾರಿದ್ದಾರೆ? ಕೇಳುವ ಮುಖವಾದರೂ ಯಾರಿಗಿದೆ? ಫೋಟೋ ಮುಂದಿಟ್ಟು ಚಿಕ್ಕ ಕೀಲಿಯನ್ನು ಬೀಗಕ್ಕೆ ಹಾಕಿದಳು. ಬೀಗಕ್ಕೆ ಎಣ್ಣೆ ಬಿಟ್ಟಿದ್ದರು. ಇನ್ನು ತಿರುಗಿಸುವುದೊಂದೇ ಬಾಕಿ. ಆಗ ಅವಳ ಕೈ ನಿಂತುಹೋಯಿತು. ಹೆದರಿಕೆಯಿಂದಲ್ಲ, ಭಕ್ತಿಯಿಂದಲೂ ಅಲ್ಲ. ಇವತ್ತು ಇಷ್ಟು ಸಲೀಸಾಗಿ ತೆರೆಯುವುದಾದರೆ ಅವತ್ತೂ ತೆರೆಯಬಹುದಿತ್ತು. ಕದ ತೆರೆಯಲಾಗದ್ದು ಎಂದೇ ಅವಳು ಗಂಡನಿಗೆ ಇಲ್ಲವೆಂದಿದ್ದಳು. ಸಾಯುವವನ ಬಾಯಿಯ ಒಂದೇ ಒಂದು ಆಸೆಯನ್ನು ಯಾಸುಕೆಯ ಮಾತಿಗೆ ಕಟ್ಟುಬಿದ್ದು ತಾನೇ ಕೊಂದಿದ್ದಳು. ಅಲ್ಲಿಯೇ ಕುಸಿದು ಕೂತು ಗಟ್ಟಿಯಾಗಿ ಅತ್ತಳು. ಒಳಗಿದ್ದ ದೇವರಿಗೆ ಕೇಳಿಸಿತೋ ಇಲ್ಲವೋ. ಕೀಲಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಬಂದಳು.

ಮೇ ತಿಂಗಳು ಬಂತು. ನಲವತ್ತೆರಡು ಮನೆಯವರೂ ಸಮಾರಂಭದ ಕಪ್ಪು ಬಟ್ಟೆ ತೊಟ್ಟು ಗುಡಿಯಲ್ಲಿ ಸಾಲಾಗಿ ಕೂತರು. ಪಕ್ಕದ ಊರಿನಿಂದ ಕರೆಸಿದ್ದ ಅರ್ಚಕರು ಮಂತ್ರ ಮುಗಿಸಿ ಕಣ್ಸನ್ನೆ ಮಾಡಿದರು. ಕೀಲಿ ಕಾಯ್ದವರೇ ಕದ ತೆರೆಯಬೇಕು, ಹಿರಾದೆಯಲ್ಲಿ ಅದು ನಡೆದುಬಂದ ಪದ್ಧತಿ. ಫುಸಾಯೆ ಎದ್ದು ಮಂಟಪದ ಕಡೆ ಹೋಗದೆ ಮೊದಲ ಸಾಲಿಗೆ ಹೋದಳು. ಎರಡೂ ಕೈಯಲ್ಲಿ ಕೀಲಿ ಹಿಡಿದು, ನಡು ಬಗ್ಗಿಸಿ, ಇಡೀ ಗುಡಿಗೆ ಕೇಳುವಂತೆ ಹೇಳಿದಳು:

"ಯಾಸುಕೆ-ಸಾನ್, ನೀವೇ ತೆಗೀರಿ. ನನಗೆ ಅಭ್ಯಾಸ ಇಲ್ಲ. ನಿಮ್ಮ ಕೈ ಅಕ್ಟೋಬರಿನಲ್ಲೇ ಪಳಗಿದೆ."

"ಅಕ್ಟೋಬರಾ? ಅಕ್ಟೋಬರಿನಲ್ಲಿ ಏನು?" ಎಂದು ಹಿಂದಿನ ಸಾಲಿನಿಂದ ಕಿವಿ ಮಂದವಾದ ಮುದುಕಿಯೊಬ್ಬಳು ಜೋರಾಗಿ ಕೇಳಿದಳು. ಎಲ್ಲರೂ ಯಾಸುಕೆಯನ್ನು ನೋಡಿದರು. ಅವನ ಮುಖ ಕಿವಿಯ ತನಕ ಕೆಂಪಾಗಿತ್ತು. ಕೀಲಿ ತೆಗೆದುಕೊಂಡ.

ಫುಸಾಯೆ ಹೊರಗೆ ಬಂದಳು. ಬೆನ್ನ ಹಿಂದೆ ಬೀಗದ ಮೇಲೆ ಕೀಲಿ ತಡವರಿಸುವ ಸದ್ದು, ಆಮೇಲೆ ಕದದ ಸದ್ದು, ಆಮೇಲೆ ನೂರು ಬಾಯಿ ಒಟ್ಟಿಗೆ ಉಸಿರೆಳೆದ ಸದ್ದು ಕೇಳಿಸಿತು. ಅವಳು ತಿರುಗಲಿಲ್ಲ. ಮೆಟ್ಟಿಲ ಬಳಿ ಅಷ್ಟೂ ಜನರ ಶೂಗಳು ಅಡ್ಡಾದಿಡ್ಡಿ ಬಿದ್ದಿದ್ದವು. ಮಂಡಿಯೂರಿ ಕೂತು ಒಂದೊಂದೇ ಜೊತೆಯ ಮೂತಿ ಹೊರಕ್ಕೆ ತಿರುಗಿಸತೊಡಗಿದಳು. ಯಾಸುಕೆಯ ಶೂ ಕೈಗೆ ಬಂದಾಗ ಅದನ್ನು ಬಿದ್ದ ಕಡೆಯೇ ಬಿಟ್ಟಳು.

ನೆರೆಮನೆಯಾಕೆ ಹೊರಗಿಣುಕಿ, "ಫುಸಾಯೆ-ಸಾನ್, ಒಳಗೆ ಬನ್ನಿ, ಮುಖ ಎಷ್ಟು ಚೆನ್ನಾಗಿ ಕಾಣ್ತಿದೆ," ಎಂದಳು.

"ನಾನು ನೋಡಿದೀನಿ. ಇಲ್ಲಿ ಕೆಲಸ ಇದೆ."

ನೆರೆಯಾಕೆ ಒಳಗೆ ಹೋದ ಮೇಲೆ, ಬಟ್ಟೆಯಲ್ಲಿ ಸುತ್ತಿ ತಂದಿದ್ದ ತೊಕುಜಿಯ ಫೋಟೋವನ್ನು ಹೊರತೆಗೆದು ಪಕ್ಕದಲ್ಲಿ ಇಟ್ಟುಕೊಂಡಳು.

"ಮುಖ ಹೇಗಿತ್ತು ಅಂತ ಕೇಳ್ರೀ," ಎಂದಳು. "ಒಂದೇ ಒಂದ್ಸಲ ಕೇಳ್ರೀ."

ರಸ್ತೆಯಲ್ಲಿ ಬಸ್ಸೊಂದು ಬಂದು ನಿಂತಿತು. ಹೊರಗಿನವರು ಇಳಿದು ಬಂದು ಅವಳ ಮುಂದೆ ಶೂ ಬಿಚ್ಚತೊಡಗಿದರು.