ಕುರಾಮೊಚಿ ಮೇಷ್ಟರ ಮನೆ ದಾಟಿ ಹೋದ ಹಲಗೆ

ಮತ್ಸುಯೆ ಪಟ್ಟಣದ ಕಾಲುವೆ ಬದಿಯ ನಮ್ಮ ಓಣಿಯಲ್ಲಿ ಒಂಬತ್ತು ಮನೆಗಳು. ಒಂಬತ್ತಕ್ಕೂ ಸೇರಿ ಒಂದು ಸುತ್ತುಹಲಗೆ. ಆ ವರ್ಷದ ಓಣಿಯ ಮುಖ್ಯಸ್ಥರು ಯಾರೋ ಅವರು ಸೂಚನೆ ಬರೆದು, ಹಲಗೆಗೆ ಸಿಕ್ಕಿಸಿ, ಪಕ್ಕದ ಮನೆಗೆ ಕೊಡುತ್ತಾರೆ. ಆ ಮನೆಯವರು ಓದಿ, ತಮ್ಮ ಹೆಸರಿನ ಪುಟ್ಟ ಮೊಹರು ಒತ್ತಿ, ಮುಂದಿನ ಮನೆಗೆ ದಾಟಿಸುತ್ತಾರೆ. ಕಸದ ಗಾಡಿ ಬರುವ ದಿನ, ಸತ್ತವರ ಮನೆಗೆ ಹೋಗುವ ಹೊತ್ತು, ಬೆಂಕಿಯ ಎಚ್ಚರಿಕೆ, ಎಲ್ಲವೂ ಈ ಹಲಗೆಯ ಮೇಲೆಯೇ ಮನೆಯಿಂದ ಮನೆಗೆ ನಡೆಯುತ್ತವೆ.

ಸಾಲಿನಲ್ಲಿ ಎರಡನೆಯ ಮನೆ ಕುರಾಮೊಚಿ ತೈಜೊ ಮೇಷ್ಟರದು. ಮಾಧ್ಯಮಿಕ ಶಾಲೆಯಲ್ಲಿ ಮೂವತ್ತೇಳು ವರ್ಷ ಭಾಷೆ ಕಲಿಸಿ ನಿವೃತ್ತರಾದವರು. ಶಾಲೆ ಅವರನ್ನು ಬಿಟ್ಟಿತ್ತು. ಕೆಂಪು ಪೆನ್ಸಿಲು ಬಿಟ್ಟಿರಲಿಲ್ಲ.

ಲೋಕದ ತುಂಬ ತಪ್ಪುಗಳು, ತಿದ್ದಲು ತಾನೊಬ್ಬನೇ ಎಂಬ ಭಾವನೆ ಅವರಿಗೆ ಬೆಳಗಿನ ಚಹಾದೊಂದಿಗೇ ಶುರುವಾಗುತ್ತಿತ್ತು. ಟಿವಿಯಲ್ಲಿ ಹವಾಮಾನದ ಹುಡುಗ "ಮಳೆ ಬರುವ ಸಾಧ್ಯತೆ ಇರಬಹುದು ಅನ್ನಿಸುತ್ತದೆ" ಎಂದರೆ ಸಾಕು. "ಸಾಧ್ಯತೆ ಅಂದ್ಮೇಲೆ ಇರಬಹುದು ಯಾಕೆ? ಇರಬಹುದು ಅಂದ್ಮೇಲೆ ಅನ್ನಿಸೋದು ಯಾಕೆ? ಕೊಡೆ ತಗೊಂಡು ಹೋಗ್ಬೇಕೋ ಬೇಡ್ವೋ, ಅದನ್ನ ಹೇಳಪ್ಪಾ!" ಎಂದು ಟಿವಿಗೇ ಗದರುತ್ತಿದ್ದರು. ಅಂಗಡಿಯ ಹುಡುಗಿ ಹಣ ತೆಗೆದುಕೊಳ್ಳುತ್ತ "ಸಾವಿರ ಯೆನ್‌ನಿಂದ ತಗೋತಾ ಇದ್ದೀನಿ" ಎಂದರೆ, "ಸಾವಿರ ಯೆನ್ ಏನು ಊರೇನಮ್ಮಾ, ಅಲ್ಲಿಂದ ಹೊರಟು ಬರೋದಕ್ಕೆ?" ಎಂದು ಕೇಳುತ್ತಿದ್ದರು. ಆ ಹುಡುಗಿ ನಕ್ಕು ಮುಂದಿನವರನ್ನು ಕರೆಯುತ್ತಿದ್ದಳು. ಮೇಷ್ಟರು ಅದನ್ನು ಒಪ್ಪಿಗೆಯ ನಗು ಎಂದು ತಿಳಿಯುತ್ತಿದ್ದರು.

ಮನೆಯಲ್ಲಿ ಹೆಂಡತಿ ಮಿಸಾವೊ ಒಮ್ಮೆ ಹಣೆ ಒತ್ತಿಕೊಳ್ಳುತ್ತ "ತಲೆನೋವು ನೋಯ್ತಿದೆ" ಎಂದರು.

"ಸರಿಯಾಗಿ ಹೇಳಬೇಕು ಅಂದ್ರೆ," ಎಂದು ಮೇಷ್ಟರು ಗಂಟಲು ಸರಿಮಾಡಿಕೊಂಡರು, "ತಲೆ ನೋಯುತ್ತೆ. ತಲೆನೋವು ನೋಯೋದಿಲ್ಲ."

"ನಂಗೀಗ ಎರಡೂ ನೋಯ್ತಿದೆ ಕಣ್ರೀ," ಎಂದು ಮಿಸಾವೊ ಒಳಗೆ ಹೋಗಿ ಮಲಗಿಬಿಟ್ಟರು.

"ಸರಿಯಾಗಿ ಹೇಳಬೇಕು ಅಂದ್ರೆ" ಎಂಬ ಮಾತು ತಮ್ಮ ಬಾಯಲ್ಲಿ ಎಷ್ಟು ಸಲ ಬರುತ್ತದೆಂಬುದು ಮೇಷ್ಟರಿಗೆ ಗೊತ್ತೇ ಇರಲಿಲ್ಲ. ಒಂದು ಭಾನುವಾರ ಮಿಸಾವೊ ಹೇಳದೆ ಕೇಳದೆ, ಗಂಡ ಆ ಮಾತಾಡಿದಾಗಲೆಲ್ಲ ಬಟ್ಟಲಿಗೆ ಅಜುಕಿ ಎಂಬ ಕೆಂಪು ಕಾಳನ್ನು ಒಂದೊಂದಾಗಿ ಹಾಕುತ್ತ ಹೋದರು. ಸಂಜೆಗೆ ಆ ಕಾಳಿನಿಂದಲೇ ಸಿಹಿ ಮಾಡಿ ಇಬ್ಬರಿಗೂ ಬಡಿಸಿದರು. ಸಿಹಿ ಚೆನ್ನಾಗಿತ್ತು, ಸ್ವಲ್ಪ ಉಳಿಯಿತು ಕೂಡ. ಮದುವೆಗೆ ಮುಂಚೆ ಈಕೆ ಬರೆದ ಮೊದಲ ಪತ್ರವನ್ನು ಮೇಷ್ಟರು ಐದು ಕಡೆ ತಿದ್ದಿ ಹಿಂದಕ್ಕೆ ಕಳಿಸಿದ್ದರು. "ಆದರೂ ಒಪ್ಪಿಕೊಂಡ್ಯಲ್ಲ," ಎಂದು ಅವರು ಹೆಮ್ಮೆಪಟ್ಟರೆ, "ಅದೊಂದು ತಪ್ಪು ನಿಮ್ಮ ಕಣ್ಣಿಗೆ ಬೀಳ್ಲಿಲ್ಲ," ಎನ್ನುತ್ತಿದ್ದರು ಮಿಸಾವೊ.

ಆ ವರ್ಷ ಓಣಿಯ ಮುಖ್ಯಸ್ಥೆಯ ಸರದಿ ಮೊದಲ ಮನೆಯ ಚಿಜುರು ಎಂಬಾಕೆಗೆ ಬಂತು. ಮೂವತ್ತನಾಲ್ಕರ ಹೆಂಗಸು, ಮಾವನಿಂದ ಬಂದ ತೋಫು ಅಂಗಡಿ ನಡೆಸುವವಳು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸೋಯಾ ರುಬ್ಬುವುದು, ಒಂದು ಪಾತ್ರೆ ಕುದಿಯುವಷ್ಟರಲ್ಲಿ ಸೂಚನೆ ಬರೆಯುವುದು. ಹೀಗೆ ಬರೆದದ್ದರಲ್ಲಿ ತಪ್ಪುಗಳಿಗೆ ಬರವಿರಲಿಲ್ಲ. ಮೇಷ್ಟರು ಹಲಗೆ ಕೈಗೆ ಬಂದೊಡನೆ ಕನ್ನಡಕ ಏರಿಸಿ, ನಿಘಂಟು ಬಿಡಿಸಿ ಕುಳಿತುಬಿಡುತ್ತಿದ್ದರು. ಬರಿಯ ಗೆರೆ ಎಳೆದರೆ ಅದು ಶಿಕ್ಷಣವಾಗುವುದಿಲ್ಲವಲ್ಲ. ಅಂಚಿನಲ್ಲಿ ಕಾರಣವನ್ನೂ ಬರೆಯಬೇಕು, ಒಂದು ಉದಾಹರಣೆ ಕೊಡಬೇಕು, ಕೊನೆಗೆ "ಒಟ್ಟಿನಲ್ಲಿ ಒಳ್ಳೆಯ ಪ್ರಯತ್ನ" ಎಂದು ಪ್ರೋತ್ಸಾಹದ ಮಾತನ್ನೂ ಸೇರಿಸಬೇಕು.

ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಂಟೂಕಾಲಕ್ಕೆ ಮೇಷ್ಟರು ಮಲಗುವ ನಿಲುವಂಗಿಯಲ್ಲೇ, ಬಾಯಲ್ಲಿ ಹಲ್ಲುಜ್ಜುವ ಬ್ರಷ್ ಇಟ್ಟುಕೊಂಡು, ಪತ್ರಿಕೆ ತೆಗೆದುಕೊಳ್ಳಲು ಹೊರಗೆ ಬಂದರು. ಬಾಗಿಲ ಮುಂದೆ ಇಡೀ ಓಣಿ ನಿಂತಿತ್ತು. ಎಲ್ಲರ ಕಾಲಲ್ಲಿ ರಬ್ಬರ್ ಬೂಟು, ಕೈಯಲ್ಲಿ ಸಲಿಕೆ. ವರ್ಷಕ್ಕೊಮ್ಮೆ ಮನೆಗೊಬ್ಬರಂತೆ ಬಂದು ಚರಂಡಿ ಹೂಳೆತ್ತುವ ದಿನ ಅದು. ಜ್ವರ ಬಂದವರೂ ಕೆಮ್ಮುತ್ತಲೇ ಬಂದು ಮುಖ ತೋರಿಸಿ ಹೋಗುವ ದಿನ. ಅವರೆಲ್ಲ ಸೇರಿ ಮೇಷ್ಟರ ಮನೆಯ ಮುಂದಿನ ಕೆಸರನ್ನು, ಮೇಷ್ಟರಿಲ್ಲದೆಯೇ, ಎತ್ತುತ್ತಿದ್ದರು.

ನಮ್ಮಲ್ಲಿ ದುಡಿದು ದಣಿದವರಿಗೆ ಹೇಳುವ ಮಾತುಗಳು ಎರಡು. ಒಂದನ್ನು ಸರೀಕರಿಗೂ ಹಿರಿಯರಿಗೂ ಹೇಳುತ್ತಾರೆ. ಇನ್ನೊಂದು, ಯಜಮಾನ ಆಳಿಗೆ ಹೇಳುವ ಶಹಭಾಸ್‌ಗಿರಿ. ಈ ವ್ಯತ್ಯಾಸವನ್ನು, ಶಾಲೆ ಶುರುವಾಗುವ ಮೂವತ್ತೇಳು ಏಪ್ರಿಲ್‌ಗಳಲ್ಲಿ ಮೂವತ್ತೇಳು ತರಗತಿಗಳಿಗೆ ಕಲಿಸಿದ್ದ ಕುರಾಮೊಚಿ ಮೇಷ್ಟರು, ಬಾಯಿಂದ ಬ್ರಷ್ ತೆಗೆದು, ಎಂಬತ್ತೆರಡು ವರ್ಷದ ಫುಸಾ ಅಜ್ಜಿಯನ್ನು ನೋಡಿ, ಎರಡನೆಯದನ್ನೇ ಹೇಳಿಬಿಟ್ಟರು.

ಯಾರೂ ತಿದ್ದಲಿಲ್ಲ. ಅದೇ ಕಷ್ಟವಾಯಿತು.

"ನಂಗೆ ಗೊತ್ತೇ ಇರ್ಲಿಲ್ಲ ಫುಸಾಕ್ಕಾ," ಎಂದರು ಮೇಷ್ಟರು, ನಿಲುವಂಗಿಯ ಮುಂಭಾಗ ಹಿಡಿದುಕೊಂಡು.

"ಅಯ್ಯೋ, ಹಲಗೇಲಿ ಬಂದಿತ್ತಲ್ಲಪ್ಪಾ, ಎರಡು ವಾರದ ಹಿಂದೆ..." ಎಂದ ಫುಸಾ ಅಜ್ಜಿ ಅರ್ಧಕ್ಕೇ ನಾಲಗೆ ಕಚ್ಚಿಕೊಂಡರು. ಸಾಲಿನಲ್ಲಿ ಅವರದು ಮೂರನೆಯ ಮನೆ. ಮೇಷ್ಟರ ಕೈಯಿಂದಲೇ ಹಲಗೆ ಅವರಿಗೆ ಹೋಗಬೇಕು. ಅಜ್ಜಿಗೆ ಆ ಕ್ಷಣದಲ್ಲಿ ಕೆಸರಿನೊಳಗೆ ಏನೋ ಬಹಳ ಕುತೂಹಲದ ವಸ್ತು ಕಂಡಿತು. ಚಿಜುರು ಸಲಿಕೆಯ ಹಿಡಿಯನ್ನು ನೋಡಿಕೊಂಡಳು.

ಮೇಷ್ಟರು ಬೂಟು ಹಾಕಿಕೊಂಡು ಓಡಿಬರುವಷ್ಟರಲ್ಲಿ ಜನ ಮುಂದಿನ ಮನೆಗೆ ಸರಿದಿದ್ದರು.

"ಹಲಗೆ ನಮ್ಮನೆ ಬಿಟ್ಟು ಹೋಗ್ತಿದೆ," ಎಂದರು ಅವರು ಮಧ್ಯಾಹ್ನ, ಹೆಂಡತಿಯ ಮುಂದೆ ಕುಳಿತು.

"ಆರು ವಾರ ಆಯ್ತು."

"ನಿಂಗೆ ಗೊತ್ತಿತ್ತಾ? ಮತ್ತೆ ಹೇಳ್ಲಿಲ್ಲ?"

"ಮನೆ ಎಷ್ಟು ತಣ್ಣಗಿತ್ತು ಅಂದ್ರೆ, ಹಲಗೆ ಯಾಕೆ ಬರ್ತಿಲ್ಲ ಅಂತ ಕೇಳೋಕೆ ಮನಸ್ಸೇ ಬರ್ಲಿಲ್ಲ ಕಣ್ರೀ. ಚರಂಡಿ ದಿನಾನೂ ತಪ್ಪಿಹೋಗುತ್ತೆ ಅಂತ ಗೊತ್ತಿದ್ರೆ ಕೇಳ್ತಿದ್ದೆ."

ಮೇಷ್ಟರಿಗೆ ನಗು ಬರಲಿಲ್ಲ. ಓಣಿಯಲ್ಲಿ ಹಲಗೆ ಬಾರದ ಮನೆಯೆಂದರೆ ಬೀಗ ಹಾಕಿದ ಮನೆ. ತಾನು ಬದುಕಿದ್ದೂ ತನ್ನ ಮನೆಗೆ ಬೀಗ ಬಿದ್ದಿತ್ತು. ಕಾರಣವೂ ಹೊಳೆಯಿತು: ತನ್ನ ಕೆಂಪು ಗೆರೆಗಳು ಆ ಹೆಣ್ಣುಮಗಳ ಮನಸ್ಸು ಚುಚ್ಚಿರಬೇಕು. ಓಣಿಯೆಲ್ಲ ಓದುವ ಕಾಗದದ ಮೇಲೆ ಆಕೆಯ ಮಾನ ಕಳೆದಂತಾಗಿರಬೇಕು. ಪಾಪ, ರಾತ್ರಿಯೆಲ್ಲ ಅತ್ತಿರಬೇಕು. ತಮ್ಮ ಲೇಖನಿಗೆ ಇಷ್ಟು ಹರಿತವಿದೆಯೆಂಬ ದುಃಖದಲ್ಲಿ, ನಿಜ ಹೇಳಬೇಕೆಂದರೆ, ಚಿಟಿಕೆಯಷ್ಟು ಹೆಮ್ಮೆಯೂ ಬೆರೆತಿತ್ತು.

ಕ್ಷಮಾಪಣೆಯ ಪತ್ರ ಬರೆಯಲು ಕುಳಿತರು. ಮೂರು ದಿನದಲ್ಲಿ ಹನ್ನೊಂದು ಕರಡು ಆದವು. ಹನ್ನೊಂದರಲ್ಲೂ ಏನಾದರೊಂದು ತಪ್ಪು ಸಿಕ್ಕಿತು. ಹನ್ನೆರಡನೆಯದಕ್ಕೆ ಕಾಗದ ತೆಗೆಯುವಾಗ ಮಿಸಾವೊ ಸಿಹಿತಿಂಡಿಯ ಒಂದು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. "ನಲವತ್ತು ಹೆಜ್ಜೆ ಕಣ್ರೀ. ನಡ್ಕೊಂಡು ಹೋಗಿ."

ಚಿಜುರು ಮೊಣಕೈವರೆಗೆ ತಣ್ಣೀರಲ್ಲಿ ಕೈಯಿಟ್ಟು ತೋಫು ಎತ್ತುತ್ತಿದ್ದಳು. ಮೇಷ್ಟರು ನಡು ಬಗ್ಗಿಸಿ ವಂದಿಸಿದರು.

"ನನ್ನ ಕೆಂಪು ಗೆರೆಗಳಿಂದ ನಿಮ್ಮ ಮನಸ್ಸಿಗೆ ಆದ ನೋವು..."

"ಯಾವ ಗೆರೆ ಮೇಷ್ಟ್ರೇ?"

"ಹಲಗೆ ಮೇಲೆ ನಾನು ತಿದ್ತಿದ್ನಲ್ಲಮ್ಮಾ."

"ಓ, ಅದಾ! ಅದನ್ನ ಯಾರು ಓದ್ತಾರೆ?" ಚಿಜುರು ಒಂದು ತುಂಡನ್ನು ಜೋಪಾನವಾಗಿ ಡಬ್ಬಿಗಿಳಿಸಿದಳು. "ನಾವೆಲ್ಲ ದಿನ ನೋಡ್ತೀವಿ, ಹೊತ್ತು ನೋಡ್ತೀವಿ, ಮೊಹರು ಒತ್ತುತೀವಿ. ಮೊದಲ್ನೇ ಸಲ ನೋಡಿದಾಗ ನಿಮ್ಮನೆಗೆ ಮೊಮ್ಮಗು ಬಂದು ಗೀಚಿದೆ ಅಂದ್ಕೊಂಡೆ."

ಮೇಷ್ಟರು ಬಗ್ಗಿಸಿದ ನಡುವನ್ನು ನಿಧಾನವಾಗಿ ನೆಟ್ಟಗೆ ಮಾಡಿದರು. ಕ್ರೂರಿ ಎನ್ನಿಸಿಕೊಳ್ಳಲು ಸಿದ್ಧರಾಗಿ ಬಂದಿದ್ದರು. ಯಾರೂ ಓದೇ ಇಲ್ಲ ಎನ್ನಿಸಿಕೊಳ್ಳಲು ಸಿದ್ಧರಾಗಿರಲಿಲ್ಲ.

"ಹಾಗಾದ್ರೆ ನಮ್ಮನೆ ಯಾಕಮ್ಮಾ ಬಿಟ್ರಿ?"

"ಹಲಗೇನ ನೀವು ಎಷ್ಟು ದಿನ ಇಟ್ಕೋತೀರಿ, ಹೇಳಿ."

"ಒಂದು... ಮೂರು ದಿನ."

"ಏಪ್ರಿಲ್‌ನಲ್ಲಿ ಐದು ದಿನ. ದೊಡ್ಡ ಸಾಮಾನು ಒಯ್ಯೋ ಕಸದ ಗಾಡಿ ಬಂದು ಹೋದ ಮಾರನೇ ದಿನ ಹಲಗೆ ಫುಸಾ ಅಜ್ಜಿಗೆ ಸಿಕ್ತು. ಅವರ ಮುರುಕು ಕಪಾಟು ಇವತ್ತಿಗೂ ಬಾಗಿಲಲ್ಲೇ ನಿಂತಿದೆ. ಅಜ್ಜಿ ಅಡ್ಡ ತಿರುಗಿ ಮನೆಯೊಳಗೆ ಹೋಗ್ತಾರೆ, ಏಡಿ ಥರ. ಹಿರಿಯರು ನೀವು, ಬೇಗ ಕೊಡಿ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ಬಿಟ್ಟು ಹೋಗೋದು ಸುಲಭವಾಯ್ತು. ಚರಂಡಿ ದಿನ ಮಾತ್ರ ಬಂದು ಹೇಳ್ಬೇಕಿತ್ತು. ಅದು ನನ್ನ ತಪ್ಪು, ಮೇಷ್ಟ್ರೇ."

ಒಂದು ತಪ್ಪೂ ಇಲ್ಲದ ಸೂಚನೆಯನ್ನು, ದಿನ ಮುಗಿದ ಮೇಲೆ, ಏಳು ಮನೆಗಳಿಗೆ ತಲುಪಿಸಿದ್ದ ಮಹಾನುಭಾವ ತಾನು ಎಂದು ಮೇಷ್ಟರಿಗೆ ಆಗ ಅರ್ಥವಾಯಿತು.

"ಒಂದು ಕೆಲ್ಸ ಮಾಡ್ಬಹುದು," ಎಂದಳು ಚಿಜುರು. "ನಿಮ್ಮನ್ನ ಕೊನೇಗೆ ಹಾಕ್ತೀನಿ, ಒಂಬತ್ತನೇ ಮನೆ. ವಾರ ಬೇಕಾದ್ರೂ ಇಟ್ಕೊಳ್ಳಿ."

ಅದು ದಯೆಯ ಮಾತೇ. ಆದರೆ ಎಲ್ಲರೂ ಓದಿ ಬಿಟ್ಟ ಕಾಗದಕ್ಕೆ ಒಬ್ಬನೇ ಕಾವಲು ಕೂರುವುದು ಮೇಷ್ಟರಿಗೆ ಬೇಡವಾಗಿತ್ತು. ತಿಂಡಿ ಡಬ್ಬಿಯನ್ನು ಎರಡು ಕೈಯಲ್ಲೂ ಹಿಡಿದು, ಪರೀಕ್ಷೆಯಲ್ಲಿ ನಪಾಸಾದ ಹುಡುಗನಂತೆ ಕೇಳಿದರು: "ಒಂದೇ ಒಂದು ಅವಕಾಶ ಕೊಡಮ್ಮಾ. ಹಳೇ ಜಾಗದಲ್ಲೇ."

ಚಿಜುರು ಯೋಚಿಸಿದಳು. "ಒಂದು ಗಂಟೆ. ಗಂಟೆ ಮೀರಿ ಹಲಗೆ ನಿಮ್ಮನೇಲಿದ್ರೆ ಒಂಬತ್ತನೇ ನಂಬರು. ಆಮೇಲೆ ಅಳೋ ಹಾಗಿಲ್ಲ."

ಮುಂದಿನ ಮಂಗಳವಾರ, ಮೇಷ್ಟರು ನೂಡಲ್ಸ್ ತಿನ್ನುತ್ತಿದ್ದಾಗ ಹಲಗೆ ಬಂತು. ಮಿಸಾವೊ ಗೋಡೆಯ ಗಡಿಯಾರದ ಕಡೆ ನೋಡಿದರು. ಮೇಷ್ಟರು ಕಾಗದದ ಮೇಲೆ ಕಣ್ಣಾಡಿಸಿದರು. ಮೊದಲ ಸಾಲಿನಲ್ಲೇ ಒಂದು. ಮೂರನೆಯದರಲ್ಲಿ ಎರಡು. ಕೊನೆಯಲ್ಲಿ ಒಂದು, ಅದೂ ಎಂಥದ್ದು! ಬೆರಳುಗಳು ತಾವಾಗಿಯೇ ಕಿವಿಯ ಹಿಂದೆ ಪೆನ್ಸಿಲು ಹುಡುಕಿದವು. ಅವರು ಆ ಬೆರಳುಗಳಿಗೆ ಮೊಹರು ಕೊಟ್ಟು, ಒತ್ತಿಸಿ, ಚಪ್ಪಲಿ ಮೆಟ್ಟಿ ಹೊರಬಿದ್ದರು. ಫುಸಾ ಅಜ್ಜಿಯ ಬಾಗಿಲು ತಟ್ಟಿದಾಗ ಬಾಯಲ್ಲಿನ್ನೂ ನೂಡಲ್ಸಿತ್ತು.

ಅಜ್ಜಿ ಕಪಾಟಿನ ಸಂದಿನಿಂದ ತಲೆ ಹೊರಹಾಕಿದರು. "ಇಷ್ಟು ಬೇಗ! ಮನೇಲಿ ಎಲ್ಲ ಆರೋಗ್ಯ ತಾನೇ?"

"ಆರು ನಿಮಿಷ ಫುಸಾಕ್ಕಾ," ಎಂದರು ಮೇಷ್ಟರು ಏದುಸಿರು ಬಿಡುತ್ತ.

"ಭೇಷ್. ಏನಂತೆ ಸಮಾಚಾರ?"

ಮೇಷ್ಟರು ಬಾಯಿ ತೆರೆದರು. "ನಾಲ್ಕು ತಪ್ಪಿದೆ."

"ಅದು ಸರಿಯಪ್ಪಾ, ವಿಷಯ ಏನು?"

ಅದು ಅವರಿಗೆ ಗೊತ್ತಿರಲಿಲ್ಲ. ತಪ್ಪುಗಳನ್ನೆಲ್ಲ ಎಣಿಸಿದ್ದರು, ಸೂಚನೆಯನ್ನು ಓದಿರಲಿಲ್ಲ. ಎಷ್ಟು ವರ್ಷದಿಂದ ಹೀಗೆ ಎಂದು ಲೆಕ್ಕ ಹಾಕಲು ಹೋಗಿ, ಭಯವಾಗಿ ಬಿಟ್ಟುಬಿಟ್ಟರು.

ಫುಸಾ ಅಜ್ಜಿ ಬೊಚ್ಚುಬಾಯಿ ತುಂಬ ನಕ್ಕು, ಕನ್ನಡಕ ತಂದು, ಕಪಾಟಿಗೆ ಒರಗಿ ನಿಂತು, ಒಂದನೆಯ ತರಗತಿಯ ಮಗುವಿಗೆ ಓದಿ ಹೇಳುವಂತೆ ಬೆರಳಿಟ್ಟು ಓದಿದರು: ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಮಕ್ಕಳ ಪಾರ್ಕಿನ ಹುಲ್ಲು ಕೀಳುವುದು, ಕುಡುಗೋಲು ಅವರವರೇ ತರುವುದು. ತಪ್ಪುಗಳನ್ನೂ ಇದ್ದ ಹಾಗೆಯೇ ಓದಿದರು. ಮೇಷ್ಟರು ಕೈಕಟ್ಟಿ ನಿಂತು ಕೊನೆಯವರೆಗೂ ಕೇಳಿದರು.

"ಏಳಕ್ಕೆ," ಎಂದರು. "ಬರ್ತೀನಿ."